ಕೇಬಲ್ ತೆಗೆಸೋದಾ, ಇಟ್ಟುಕೊಳ್ಳೋದಾ? ಎರಡು ಟಿವಿ ಇರುವ ಮನೆಯ ಲೆಕ್ಕ

ಮೇಲಿನ ರೂಮಿನ ಟಿವಿಗೆ ಕೇಬಲ್ ತೆಗೆಸಿದ್ದೇವೆ. ಕೆಳಗೆ ಹಾಲ್‌ನಲ್ಲಿರುವ ಟಿವಿಗೆ ಉಳಿಸಿಕೊಂಡಿದ್ದೇವೆ, ಆದರೆ ಬಿಲ್ ಇಳಿಸಿಕೊಂಡು. ಕೇಬಲ್ ಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ನಾನು ಹೇಳುವುದು ಇಷ್ಟೇ. ಇಡೀ ಮನೆಗೆ ಒಂದೇ ತೀರ್ಮಾನ ಮಾಡಬೇಡಿ. ಒಂದೊಂದು ಟಿವಿಗೂ ಬೇರೆ ಲೆಕ್ಕ ಹಾಕಿ. ಆ ಟಿವಿ ಮುಂದೆ ಯಾರು ಕೂರುತ್ತಾರೆ, ರಿಮೋಟ್ ಯಾರ ಕೈಯಲ್ಲಿರುತ್ತದೆ ಅನ್ನೋದನ್ನ ನೋಡಿ, ಆಮೇಲೆ ದುಡ್ಡಿನ ಮಾತು.

ನಮ್ಮದು ಬಸವೇಶ್ವರನಗರದಲ್ಲಿ ಹಳೇ ಮನೆ. ಕೆಳಗೆ ಅತ್ತೆ, ಮಾವ. ಮೇಲೆ ನಾವು ಮತ್ತು ಪಿಯುಸಿ ಓದುವ ಮಗ. ಎರಡು ಟಿವಿ, ಎರಡು ಸೆಟ್‌ಟಾಪ್ ಡಬ್ಬ, ತಿಂಗಳಿಗೆ 680 ರೂಪಾಯಿ. ಕೆಳಗಿನದಕ್ಕೆ 370, ಮೇಲಿನದಕ್ಕೆ 310. ಇದಕ್ಕೆ ರಸೀದಿ ಅಂತ ಏನೂ ಇರಲಿಲ್ಲ. ತಿಂಗಳ ಮೊದಲ ವಾರ ಹುಡುಗ ಬೈಕ್‌ನಲ್ಲಿ ಬರುತ್ತಾನೆ, ಗೇಟ್ ಹತ್ತಿರ ನಿಂತು "ಆಂಟೀ, ಕೇಬಲ್" ಅಂತ ಕೂಗುತ್ತಾನೆ, ನಾವು ಕೊಡುತ್ತೇವೆ. ಮೊದಲು ಚಿಕ್ಕ ಕಾರ್ಡಿನಲ್ಲಿ ಸಹಿ ಹಾಕಿ ಕೊಡುತ್ತಿದ್ದ, ಈಗ ಕ್ಯೂಆರ್ ಕೋಡ್ ತೋರಿಸುತ್ತಾನೆ. ಯಾವ ಚಾನೆಲ್‌ಗೆ ಎಷ್ಟಪ್ಪಾ ಅಂತ ಕೇಳಿದರೆ "ಅದು ಪ್ಯಾಕ್ ಆಂಟಿ" ಅಂತಾನೆ. ಅಲ್ಲಿಗೆ ವಿವರಣೆ ಮುಗಿಯಿತು.

ಹಾಗಾಗಿ ನಾನೇ ಕೂತು ಬಿಲ್ ಬಿಡಿಸಿ ನೋಡಿದೆ. ನಿಮಗೂ ಉಪಯೋಗ ಆಗಬಹುದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೆಂಗಳೂರಿನಲ್ಲಿ 2013ರ ಮಾರ್ಚ್ ಕೊನೆಗೆ ಹಳೇ ಕೇಬಲ್ ನಿಲ್ಲಿಸಿ ಎಲ್ಲರೂ ಸೆಟ್‌ಟಾಪ್ ಬಾಕ್ಸ್ ಹಾಕಿಸಿಕೊಳ್ಳಬೇಕು ಅಂತಾಯಿತಲ್ಲ, ಆಗ ಬಂದ ಡಬ್ಬ ಇದು. ಆಮೇಲೆ 2019ರ ಫೆಬ್ರವರಿಯಲ್ಲಿ ಟ್ರಾಯ್, ಅಂದರೆ ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಹೊಸ ದರದ ನಿಯಮ ತಂದಿತು. ಅವತ್ತಿನಿಂದ ಬಿಲ್‌ನಲ್ಲಿ ಎರಡು ಭಾಗ. ಒಂದು, ವೈರ್ ಎಳೆದು ಚಾನೆಲ್ ಮನೆಗೆ ತಲುಪಿಸುವ ಬಾಡಿಗೆ, ಇದಕ್ಕೆ ನೆಟ್‌ವರ್ಕ್ ಕೆಪಾಸಿಟಿ ಫೀ ಅಂತ ಹೆಸರು. ಇನ್ನೊಂದು, ಪೇ ಚಾನೆಲ್‌ಗಳ, ಅಂದರೆ ಪುಕ್ಕಟೆ ಬರದ ಚಾನೆಲ್‌ಗಳ ದುಡ್ಡು. ಬಾಡಿಗೆಗೆ 130 ರೂಪಾಯಿ ಮಿತಿ ಇತ್ತು, 18% ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಮೊದಲು ಈ ದುಡ್ಡಿಗೆ 100 ಚಾನೆಲ್, 2020ರ ಮಾರ್ಚ್‌ನಿಂದ 200. ಅದೇ 2020ರ ನಿಯಮದಲ್ಲಿ ಇನ್ನೊಂದು ಮಾತಿತ್ತು, ಒಂದೇ ಮನೆಯ ಎರಡನೇ ಟಿವಿಗೆ ಈ ಬಾಡಿಗೆಯಲ್ಲಿ 40%ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಅಂದರೆ 130ರ ಬದಲು 52. ನಮ್ಮ ಬೀದಿಯಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ, ಆಪರೇಟರ್ ಯಾಕೆ ಹೇಳಿಯಾರು. 2024ರಲ್ಲಿ 130ರ ಮಿತಿಯನ್ನೇ ತೆಗೆದರು. ಈಗ ಬಾಡಿಗೆ ಎಷ್ಟು ಅಂತ ಕಂಪನಿಯೇ ನಿಗದಿ ಮಾಡುತ್ತದೆ. ನಮ್ಮ ಆಪರೇಟರ್ ಹತ್ತಿರ ಈಗಲೂ ಅದೇ 130 ನಡೆಯುತ್ತಿದೆ, ನಿಮ್ಮಲ್ಲಿ ಎಷ್ಟು ಅಂತ ಕೇಳಿ ನೋಡಿ. 999ನೇ ನಂಬರ್ ಒತ್ತಿದರೆ ಗ್ರಾಹಕರ ಮಾಹಿತಿಯ ಚಾನೆಲ್ ಬರಬೇಕು, ಟ್ರಾಯ್ ನಿಯಮದಲ್ಲೇ ಇದೆ.

ಇನ್ನು ಪ್ಯಾಕ್. ಚಾನೆಲ್ ಕಂಪನಿಗಳು ಬೇಕಾದ್ದರ ಜೊತೆ ಬೇಡದ್ದನ್ನೂ ಕಟ್ಟಿ ಕೊಡುತ್ತವೆ, ಸಂತೆಯಲ್ಲಿ ಒಳ್ಳೇ ಟೊಮೇಟೊ ಮೇಲಿಟ್ಟು ಕೆಳಗೆ ಕೊಳೆತದ್ದು ಹಾಕಿ ಕೊಡುವ ಹಾಗೆ. ನಮ್ಮ ಮನೆಗೆ ಬರುತ್ತಿದ್ದ ಪ್ಯಾಕ್‌ನಲ್ಲಿ ಹಿಂದಿ ಸಿನಿಮಾ ಚಾನೆಲ್ ಒಂದು ರಾಶಿ, ತೆಲುಗು, ಯಾರೂ ನೋಡದ ಇಂಗ್ಲಿಷ್ ಚಾನೆಲ್, ಚಿಕ್ಕ ಮಕ್ಕಳ ಕಾರ್ಟೂನ್. ನಮ್ಮ ಮಗನಿಗೆ ಮೀಸೆ ಬಂದಿದೆ. ಜೊತೆಗೆ ಎಚ್‌ಡಿ. ಒಂದು ಎಚ್‌ಡಿ ಚಾನೆಲ್ ಅಂದರೆ ಎರಡು ಮಾಮೂಲಿ ಚಾನೆಲ್ ಲೆಕ್ಕ, ಬೆಲೆಯೂ ಜಾಸ್ತಿ. ಕೆಳಗಿರುವುದು 32 ಇಂಚಿನ ಹಳೇ ಟಿವಿ. ಮಾವ ದಿವಾನ್ ಮೇಲೆ ಕೂತು, ಕನ್ನಡಕ ಹಣೆ ಮೇಲೆ ಏರಿಸಿಕೊಂಡು ನ್ಯೂಸ್ ಕೇಳುತ್ತಾರೆ. ಹೌದು, ಕೇಳುತ್ತಾರೆ. ಅವರಿಗೆ ಎಚ್‌ಡಿ ಯಾಕೆ ಬೇಕು ಹೇಳಿ.

ಮೊದಲು ಮೇಲಿನ ಟಿವಿ ಕಥೆ ಮುಗಿಸುತ್ತೇನೆ, ಅದು ಸುಲಭ. ನಮ್ಮೆಜಮಾನರ ಕೆಲಸಕ್ಕೆ, ಮಗನ ಓದಿಗೆ ಅಂತ ಫೈಬರ್ ಇಂಟರ್ನೆಟ್ ಹೇಗೂ ಇತ್ತು. ಇದು ಮುಖ್ಯ. ಇಂಟರ್ನೆಟ್ ಇಲ್ಲದ ಮನೆಯವರು ಕೇಬಲ್ ಬಿಟ್ಟು ಆ್ಯಪ್‌ಗೆ ಹೋದರೆ ದುಡ್ಡು ಉಳಿಯೋದಿಲ್ಲ. 399ರ ಪ್ಲಾನ್ ಅಂತ ಜಾಹೀರಾತಿನಲ್ಲಿ ಕಂಡರೂ ಜಿಎಸ್‌ಟಿ ಸೇರಿ 471 ಆಗುತ್ತದೆ, 699ರದ್ದು 825. ಅದರ ಮೇಲೆ ಆ್ಯಪ್‌ಗಳ ಚಂದಾ. 300 ರೂಪಾಯಿಯ ಕೇಬಲ್ ಬಿಡಿಸೋಕೆ 800 ರೂಪಾಯಿಯ ಇಂಟರ್ನೆಟ್ ಹಾಕಿಸಿಕೊಂಡವರನ್ನ ನಾನೇ ನೋಡಿದ್ದೇನೆ, ಕೇಳಿದರೆ ಉಳಿತಾಯ ಅಂತಾರೆ.

ನಮಗೆ ಆ ಖರ್ಚು ಮೊದಲೇ ಇದ್ದದ್ದರಿಂದ ಲೆಕ್ಕ ಸರಿಹೋಯಿತು. ಮೇಲೆ ನಾವು ನೋಡುವುದು ರಾತ್ರಿ ಊಟ ಆದಮೇಲೆ ಒಂದು ಸಿನಿಮಾ ಅಥವಾ ಯೂಟ್ಯೂಬ್, ಮಗನಿಗೆ ಕ್ರಿಕೆಟ್. ಕೇಬಲ್ ಹಾಕದೆ ಎಷ್ಟೋ ದಿನ ಹೋಗುತ್ತಿತ್ತು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತಲ್ಲ, ಆಗ ಟಿವಿಯಲ್ಲೂ ನೋಡಬಹುದಾದ ಸೂಪರ್ ಪ್ಲಾನ್ ವರ್ಷಕ್ಕೆ 899 ಇತ್ತು. ಜಾಹೀರಾತು ಬರುತ್ತದೆ, ಬರಲಿ. ತಿಂಗಳಿಗೆ 75 ರೂಪಾಯಿ ಬಿತ್ತು. 310 ಹೋಗಿ 75. ಈ ಬೆಲೆಗಳು ಆಗಾಗ ಬದಲಾಗುತ್ತವೆ, ಕಟ್ಟುವ ಮುಂಚೆ ಅವತ್ತಿನ ದರ ನೋಡಿಕೊಳ್ಳಿ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡರ ಕಾರ್ಯಕ್ರಮವೂ ಈಗ ಈ ಒಂದೇ ಆ್ಯಪ್‌ನಲ್ಲಿದೆ, ಅದೊಂದು ಅನುಕೂಲ. ಜೀ ಕನ್ನಡ ಬೇಕು ಅಂದರೆ ಜೀ5, ಉದಯ ಬೇಕು ಅಂದರೆ ಸನ್ ನೆಕ್ಸ್ಟ್. ಮೂರಕ್ಕೂ ಬೇರೆ ಬೇರೆ ಚಂದಾ. ಮೂರೂ ತೆಗೆದುಕೊಂಡರೆ ಕೇಬಲ್ ಬಿಟ್ಟ ಖುಷಿ ಅರ್ಧ ಇಳಿಯುತ್ತದೆ.

ಕ್ರಿಕೆಟ್ ಬಗ್ಗೆ ಒಂದು ಎಚ್ಚರಿಕೆ. 2023, 2024ರಲ್ಲಿ ಐಪಿಎಲ್ ಅನ್ನು ಜಿಯೋಸಿನಿಮಾದಲ್ಲಿ ಪುಕ್ಕಟೆ ನೋಡಿ ನಮಗೆಲ್ಲ ಅಭ್ಯಾಸ ಆಗಿಹೋಗಿತ್ತು, 2025ರಿಂದ ಸ್ವಲ್ಪ ಹೊತ್ತು ತೋರಿಸಿ ಆಮೇಲೆ ದುಡ್ಡು ಕೇಳೋಕೆ ಶುರು ಮಾಡಿದರು. ಅದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ. ಇಂಟರ್ನೆಟ್‌ನಲ್ಲಿ ವಿಡಿಯೋ ತುಂಡು ತುಂಡಾಗಿ ಬರುತ್ತದೆ, ನಿಲ್ಲದೆ ಓಡಲಿ ಅಂತ ಟಿವಿ ಮೊದಲು ಕೆಲವು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ಕೇಬಲ್‌ಗಿಂತ ಹಿಂದೆ ಬೀಳುತ್ತದೆ, ಕೆಲವು ಸಲ ಅರ್ಧ ನಿಮಿಷದವರೆಗೂ. ಸಿನಿಮಾಗೆ ಇದು ಗೊತ್ತೇ ಆಗೋದಿಲ್ಲ. ಆದರೆ 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಅಹಮದಾಬಾದ್‌ನಲ್ಲಿ ಪಂಜಾಬ್ ಮೇಲೆ ಫೈನಲ್ ಆಡುತ್ತಿದ್ದಾಗ ನಮ್ಮ ಬೀದಿ ಹೇಗಿತ್ತು ಗೊತ್ತಾ? ಎದುರು ಮನೆಯಲ್ಲಿ ಕೇಬಲ್. ಅವರು "ಓಓಓ" ಅಂತ ಕಿರುಚುತ್ತಾರೆ, ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಪ್ಯಾಂಟಿಗೆ ಚೆಂಡು ಉಜ್ಜುತ್ತಾ ನಿಂತಿರುತ್ತಾನೆ. ವಿಕೆಟ್ ಅಂತ ಮೊದಲೇ ಗೊತ್ತು, ಯಾರದ್ದು ಅಂತ ಮಾತ್ರ ಕಾಯಬೇಕು. ಕೊನೆಗೆ ಮಗ ಕೆಳಗೆ ಓಡಿಹೋಗಿ ತಾತನ ಟಿವಿಯಲ್ಲಿ ಕನ್ನಡ ಕಾಮೆಂಟರಿ ಹಾಕಿಕೊಂಡು ಉಳಿದ ಓವರ್ ನೋಡಿದ. ಬೆಂಗಳೂರಿನಲ್ಲಿ ಕ್ರಿಕೆಟ್‌ಗೋಸ್ಕರವೇ ಟಿವಿ ಇಟ್ಟುಕೊಂಡವರು, ಅಪಾರ್ಟ್‌ಮೆಂಟ್‌ನಲ್ಲಿ ಇರುವವರು, ಇದನ್ನ ಸುಮ್ನೆ ತಳ್ಳಿಹಾಕಬೇಡಿ.

ಈಗ ಕೆಳಗಿನ ಟಿವಿ. ಇಲ್ಲೂ ಕೇಬಲ್ ತೆಗೆಸೋಣ ಅಂತಲೇ ಹೊರಟಿದ್ದೆವು. ಆದರೆ ಕೇಬಲ್ ಇರುವಾಗಲೇ ಒಂದಷ್ಟು ದಿನ ಆ್ಯಪ್‌ನಲ್ಲಿ ನೋಡಿ ಅಂತ ಅತ್ತೆಗೆ ಹೇಳಿದೆವು. ಹಳೇ ಟಿವಿ ಆದ್ದರಿಂದ, ಆ್ಯಪ್ ಓಡಲಿ ಅಂತ ಹಿಂದೆ ಚುಚ್ಚುವ ಸ್ಟಿಕ್ ತಂದು ಹಾಕಿದೆವು. ನೀವೂ ತರುವ ಮುಂಚೆ ಟಿವಿಯಲ್ಲಿ ಎಚ್‌ಡಿಎಂಐ ತೂತು ಇದೆಯಾ ಅಂತ ನೋಡಿಕೊಳ್ಳಿ, ಡಬ್ಬಾ ಟಿವಿಗಳಲ್ಲಿ ಇರೋದಿಲ್ಲ.

ಅತ್ತೆಯ ಕೇಬಲ್ ರಿಮೋಟ್ ನೋಡಬೇಕು ನೀವು. ಪ್ಲಾಸ್ಟಿಕ್ ಕವರ್ ಹಾಕಿ ಕೆಳಗೆ ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ಅವರ ಮೂರು ಚಾನೆಲ್‌ಗೆ ಬೇಕಾದ ನಂಬರ್‌ಗಳು ಸವೆದು ಬಿಳೀ ಆಗಿವೆ, ಮಿಕ್ಕಿದ್ದೆಲ್ಲ ಹೊಸದರ ಹಾಗಿವೆ. ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ, ಒಂದು ಧಾರಾವಾಹಿ ಮುಗಿಯುತ್ತಿದ್ದ ಹಾಗೆ ಕಣ್ಣು ಮೊರದ ಮೇಲೇ ಇಟ್ಟು ಹೆಬ್ಬೆರಳಲ್ಲಿ ಮೂರು ಸಲ ಒತ್ತಿದರೆ ಮುಂದಿನದ್ದು ಬರುತ್ತದೆ. ಈ ಕೆಲಸ ಆ್ಯಪ್‌ನಲ್ಲಿ ಹೇಗೆ ಅಂತ ನೋಡಿ. ಟಿವಿ ಹಾಕು, ಇನ್‌ಪುಟ್ ಬದಲಿಸು, ಆ್ಯಪ್ ಹುಡುಕು, ತೆರೆ. ಯಾರು ನೋಡ್ತಿದ್ದೀರಿ ಅಂತ ಅದು ಕೇಳುತ್ತದೆ. "ನಾನೇ ನೋಡ್ತಿರೋದು, ಇನ್ಯಾರು" ಅಂತ ಅತ್ತೆ ಟಿವಿಗೇ ಉತ್ತರ ಕೊಟ್ಟರು. ಆಮೇಲೆ ಧಾರಾವಾಹಿ ಹುಡುಕು, ಎಪಿಸೋಡ್ ಆರಿಸು. ಒಂದು ದಿನ ಯಾಕೋ ತಾನಾಗೇ ಲಾಗೌಟ್ ಆಗಿತ್ತು, ಓಟಿಪಿ ಹೋಗೋದು ಮಗನ ಫೋನಿಗೆ, ಅವನು ಕಾಲೇಜಿನಲ್ಲಿ.

ಇದನ್ನೆಲ್ಲ ಕಲಿಸಬಹುದು. ಕಲಿತರು ಕೂಡ, ನಮ್ಮತ್ತೆ ಯುಪಿಐ ಮಾಡುತ್ತಾರೆ, ವಾಟ್ಸಾಪ್‌ನಲ್ಲಿ ನನಗಿಂತ ಚುರುಕು. ತೊಂದರೆ ಆದದ್ದು ಬೇರೆ ಕಡೆ. ತುಮಕೂರಿನಲ್ಲಿರುವ ಅವರ ತಂಗಿಯೂ ಅದೇ ಧಾರಾವಾಹಿ ನೋಡುತ್ತಾರೆ, ಅದೇ ಹೊತ್ತಿಗೆ, ಕೇಬಲ್‌ನಲ್ಲಿ. ಜಾಹೀರಾತು ಬಂದ ತಕ್ಷಣ ಫೋನ್. "ನೋಡ್ದ್ಯಾ ಅವಳು ಹೆಂಗೆ ನಿಂತ್ಕೊಂಡ್ಲು?" ಅಂತ ಶುರುವಾದರೆ ಜಾಹೀರಾತು ಮುಗಿಯೋವರೆಗೂ ವಿಮರ್ಶೆ. ಆ್ಯಪ್‌ಗೆ ಬಂದಮೇಲೆ ಅತ್ತೆ ಒಂದು ದಿನ ಮುಂದೆ ನೋಡಿಬಿಡುತ್ತಿದ್ದರು, ಒಂದು ದಿನ ಹಿಂದೆ ಉಳಿಯುತ್ತಿದ್ದರು. ತಂಗಿ ಫೋನ್ ಮಾಡಿದರೆ "ಇರು ಇರು, ಹೇಳ್ಬೇಡ, ನಾನಿನ್ನೂ ನೋಡಿಲ್ಲ" ಅಂತ ಇಟ್ಟುಬಿಡುತ್ತಿದ್ದರು. ಒಂದು ದಿನ ನನ್ನನ್ನೇ ಕರೆದು ಕೇಳಿದರು, "ಏನಮ್ಮಾ, ಇದು ನೆನ್ನೇದಾ ಇವತ್ತಿಂದಾ? ಹಾಕಿದ್ ತಕ್ಷಣ ಬರೋದಿದ್ರೆ ಹೇಳು, ಇಲ್ಲ ಅಂದ್ರೆ ಹಳೇದೇ ಇರ್ಲಿ ಬಿಡು." ಅಲ್ಲಿಗೆ ಕೆಳಗಿನ ಟಿವಿ ಕೇಸ್ ಮುಗಿಯಿತು. ಆ ಸಂಜೆಯ ಎರಡು ಗಂಟೆಗೆ ತಿಂಗಳಿಗೆ ಇಷ್ಟು ಅಂತ ಕೊಡೋದು ನನಗೆ ದುಬಾರಿ ಅನ್ನಿಸಲಿಲ್ಲ. ಹಾಗಂತ 370 ಯಾಕೆ ಕೊಡಬೇಕು?

ಬದಲಿಗೆ ಏನೇನು ಇದೆ ಅಂತ ವಿಚಾರಿಸಿದ್ದನ್ನೂ ಹೇಳಿಬಿಡುತ್ತೇನೆ.

ಡಿಡಿ ಫ್ರೀ ಡಿಶ್. ಪ್ರಸಾರ ಭಾರತಿಯದ್ದು, 2004ರಿಂದ ಇದೆ, ತಿಂಗಳ ಬಾಡಿಗೆಯೇ ಇಲ್ಲ. ಎಲೆಕ್ಟ್ರಾನಿಕ್ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ಹೋದರೆ ಛತ್ರಿ, ಡಬ್ಬ, ವೈರ್ ಎಲ್ಲ ಸೇರಿ ಒಂದೂವರೆಯಿಂದ ಎರಡು ಸಾವಿರದೊಳಗೆ ಆಗುತ್ತದೆ, ಒಂದೇ ಸಲದ ಖರ್ಚು. ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ಸಾಕಷ್ಟು ಎತ್ತರದಲ್ಲಿದೆ. ಆ ದಿಕ್ಕಿಗೆ ಆಕಾಶ ಕಾಣಬೇಕು. ಸ್ವಂತ ತಾರಸಿ ಇದ್ದವರಿಗೆ ಕಷ್ಟ ಇಲ್ಲ, ಉತ್ತರಕ್ಕೋ ಪಶ್ಚಿಮಕ್ಕೋ ಬಾಲ್ಕನಿ ಇರುವ ಫ್ಲ್ಯಾಟಿನವರು ಆಸೆ ಬಿಡಿ. ಚಂದನ ಬರುತ್ತದೆ, ದೂರದರ್ಶನದ ಉಳಿದ ಚಾನೆಲ್ ಬರುತ್ತವೆ, ಹಿಂದಿಯವು ಬೇಕಾದಷ್ಟು. ಆದರೆ ಜೀ ಕನ್ನಡ, ಕಲರ್ಸ್ ಕನ್ನಡದಂತಹ ಪೇ ಚಾನೆಲ್ ಇಲ್ಲ. ನಮ್ಮ ಮಾವ ಒಬ್ಬರೇ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಹಾಕಿಸುತ್ತಿದ್ದೆ. ಅವರಿಗೆ ನ್ಯೂಸ್ ಮತ್ತು ಥಟ್ ಅಂತ ಹೇಳಿ ಎರಡಿದ್ದರೆ ಸಾಕು. ಸೋಮೇಶ್ವರ ಅವರು ಪ್ರಶ್ನೆ ಮುಗಿಸೋಕೆ ಮುಂಚೆ ಉತ್ತರ ಹೇಳಬೇಕು ಇವರು, ತಪ್ಪಾದರೂ ಪರವಾಗಿಲ್ಲ.

ನ್ಯೂಸ್‌ಗೋಸ್ಕರ ಯಾರಾದರೂ ಕೇಬಲ್ ಇಟ್ಟುಕೊಂಡಿದ್ದರೆ ಬೇಕಾಗಿಲ್ಲ. ಟಿವಿ9, ಪಬ್ಲಿಕ್ ಟಿವಿ, ಸುವರ್ಣ ನ್ಯೂಸ್ ಎಲ್ಲ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವೆ, ಅದೇ ಕಿರುಚಾಟ, ಅದೇ ಬ್ರೇಕಿಂಗ್. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ಒಂದು ಆ್ಯಪ್ ತಂದಿದೆ, ದೂರದರ್ಶನದ ಚಾನೆಲ್‌ಗಳನ್ನ ಅದರಲ್ಲೂ ನೋಡಬಹುದು.

ಇನ್ನೊಂದು ದಾರಿ ಇಂಟರ್ನೆಟ್ ಕಂಪನಿಯಿಂದಲೇ ಟಿವಿ ತೆಗೆದುಕೊಳ್ಳೋದು. ಜಿಯೋ ಫೈಬರ್ ಇದ್ದವರಿಗೆ ಜಿಯೋಟಿವಿ ಪ್ಲಸ್ ಇದೆ, 2024ರಿಂದ ಸ್ಮಾರ್ಟ್ ಟಿವಿಗಳಲ್ಲೂ ಬರುತ್ತಿದೆ. ಏರ್‌ಟೆಲ್ 2025ರ ಮಾರ್ಚ್‌ನಲ್ಲಿ ಐಪಿಟಿವಿ ಶುರು ಮಾಡಿತು, ಇಂಟರ್ನೆಟ್ ಸೇರಿ 699ರಿಂದ. ಇವುಗಳಲ್ಲಿ ಚಾನೆಲ್ ಚಾನೆಲ್ ಆಗಿಯೇ ಓಡುತ್ತದೆ, ಅತ್ತೆಯಂತವರಿಗೆ ಆ್ಯಪ್‌ಗಿಂತ ಇದು ವಾಸಿ. ಹೊಸದಾಗಿ ಇಂಟರ್ನೆಟ್ ಹಾಕಿಸುವವರು ಮೊದಲು ಇದನ್ನ ಕೇಳಿ. ನಾವು ಹೋಗದಿರುವುದಕ್ಕೆ ಒಂದೇ ಕಾರಣ, ನಮ್ಮ ಇಂಟರ್ನೆಟ್ ಮಳೆಗಾಲದಲ್ಲಿ ಕೈ ಕೊಡುತ್ತದೆ. ಕಂಪನಿ ಹೆಸರು ಬೇಡ. ಜೋರು ಗಾಳಿ ಮಳೆ ಬಂದು ಮರದ ಕೊಂಬೆ ಬಿದ್ದರೆ ಕಂಬದ ಮೇಲಿನ ವೈರ್ ಹೋಯಿತು, ದೂರು ಕೊಟ್ಟರೆ "ಏರಿಯಾ ಔಟೇಜ್" ಅಂತ ಮೆಸೇಜ್ ಬರುತ್ತದೆ, ಮನುಷ್ಯರು ಬರೋದಿಲ್ಲ. ಕೇಬಲ್ ವೈರೂ ಅದೇ ಕಂಬದ ಮೇಲಿದೆ, ಅದೂ ಹೋಗುತ್ತದೆ. ಆದರೆ ಕೇಬಲ್ ಹುಡುಗ ಪಕ್ಕದ ಬೀದಿಯವನು, ಅವರಮ್ಮ ನಮ್ಮತ್ತೆಗೆ ದೇವಸ್ಥಾನದಲ್ಲಿ ಸಿಗುತ್ತಾರೆ. ಸಂಜೆ ಧಾರಾವಾಹಿ ಹೊತ್ತಿಗೆ ಏಣಿ ಹಾಕಿಕೊಂಡು ಹತ್ತಿರುತ್ತಾನೆ. ಈ ಒಂದು ವಿಷಯದಲ್ಲಿ ಪೂರ್ತಿ ಮಾರ್ಕ್ಸ್ ಅವನಿಗೆ.

ತಿಂಗಳಿಗೆ ನೂರು ರೂಪಾಯಿಗೆ ಜಗತ್ತಿನ ಎಲ್ಲ ಚಾನೆಲ್, ಎಲ್ಲ ಓಟಿಟಿ ಅಂತ ಟೆಲಿಗ್ರಾಂನಲ್ಲಿ ಮಾರುವವರಿದ್ದಾರೆ. ಅದು ಕದ್ದ ಮಾಲು. ಅವರು ಹೇಳಿದ ಯಾವುದೋ ಆ್ಯಪ್ ಟಿವಿಗೆ ಹಾಕಿ, ಅದೇ ವೈಫೈನಲ್ಲಿ ಬ್ಯಾಂಕ್ ಕೆಲಸ ಮಾಡೋ ಧೈರ್ಯ ನನಗಿಲ್ಲ.

ಕೊನೆಗೆ ಕೇಬಲ್ ಆಫೀಸಿಗೇ ಹೋದೆ. ಹುಡುಗನ ಹತ್ತಿರ ಹೇಳಿದರೆ "ಅಣ್ಣನ್ನ ಕೇಳಿ" ಅಂತಾನೆ, ಅದಕ್ಕೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಫ್ರೀ ಚಾನೆಲ್‌ಗಳು, ಜೊತೆಗೆ ಕನ್ನಡದ ಚಿಕ್ಕ ಪ್ಯಾಕ್‌ಗಳು, ಎಚ್‌ಡಿ ಬೇಡ, ಹಿಂದಿ ಬೇಡ. ಮೊದಲು "ಅಷ್ಟು ಕಮ್ಮಿ ಪ್ಯಾಕ್ ಸಿಸ್ಟಮ್‌ನಲ್ಲಿ ಬರಲ್ಲ ಮೇಡಂ" ಅಂದರು. ಚಾನೆಲ್ ಆರಿಸಿಕೊಳ್ಳೋದು ಗ್ರಾಹಕರ ಹಕ್ಕು ಅಂತ 2019ರಿಂದ ನಿಯಮ ಇದೆಯಲ್ಲ ಸಾರ್ ಅಂದೆ. ಹಾಗಾದರೆ ಎರಡೂ ತೆಗೆಸಿಬಿಡುತ್ತೇನೆ ಅಂತಲೂ ಸೇರಿಸಿದೆ. ಸಿಸ್ಟಮ್‌ನಲ್ಲಿ ಬಂತು. 130 ಬಾಡಿಗೆ, ಪ್ಯಾಕ್‌ಗಳಿಗೆ ಸುಮಾರು 100, ತೆರಿಗೆ ಸೇರಿ 270ರ ಆಸುಪಾಸು. ಕನ್ನಡ ಸ್ಪೋರ್ಟ್ಸ್ ಚಾನೆಲ್ ಒಂದು ಇರಲಿ ಅಂತ ಮಗ ಹಠ ಮಾಡಿದ್ದ, ಹೆಚ್ಚು ಕಡಿಮೆ ಅದೇ ದುಡ್ಡಿನಲ್ಲಿ ಅದೂ ಪ್ಯಾಕ್‌ನೊಳಗೇ ಬಂತು.

ಹಳೇ 680ರ ಜಾಗದಲ್ಲಿ ಈಗ 270 ಮತ್ತು 75, ಒಟ್ಟು 345. ವರ್ಷಕ್ಕೆ ನಾಲ್ಕು ಸಾವಿರ ಉಳಿಯಿತು. ಯಾರೂ ಏನೂ ಕಳೆದುಕೊಂಡಿಲ್ಲ, ಆ ಹಿಂದಿ ಸಿನಿಮಾ ಚಾನೆಲ್‌ಗಳು ಹೋಗಿದ್ದು ಇವತ್ತಿಗೂ ಮನೆಯಲ್ಲಿ ಯಾರ ಗಮನಕ್ಕೂ ಬಂದಿಲ್ಲ.

ತೆಗೆಸುವವರಿಗೆ ಒಂದೆರಡು ಮಾತು. ಡಬ್ಬ ನಿಮ್ಮದಾ, ಅವರದ್ದಾ ಅಂತ ಮೊದಲೇ ಕೇಳಿಕೊಳ್ಳಿ. ಬಾಡಿಗೆದು ಅಥವಾ ಡೆಪಾಸಿಟ್‌ದು ಆದರೆ ವಾಪಸ್ ಕೊಟ್ಟು ಬರೆಸಿಕೊಳ್ಳಿ, ಸ್ವಂತದ್ದಾದರೂ ಇನ್ನೊಬ್ಬ ಆಪರೇಟರ್ ಹತ್ತಿರ ಅದು ನಡೆಯೋದಿಲ್ಲ. ಯಾವ ಕೇಬಲ್ ಡಬ್ಬ ಆದರೂ ಎಲ್ಲ ಕೇಬಲ್ ಕಂಪನಿಗೂ ಹೊಂದುವ ಹಾಗಿರಬೇಕು ಅಂತ ಟ್ರಾಯ್ 2020ರಲ್ಲೇ ಶಿಫಾರಸು ಮಾಡಿತ್ತು, ನಮ್ಮ ಮನೆಯ ಹಳೇ ಡಬ್ಬ ಮಾತ್ರ ಅಟ್ಟದ ಮೇಲೆ ಕೂತಿದೆ. ಪೂರ್ತಿ ತೆಗೆಸೋಕೆ ಮನಸ್ಸು ಬರದಿದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ ಅಂತಲೂ ಕೇಳಬಹುದು. 15 ದಿನ ಮುಂಚೆ ಹೇಳಬೇಕು, ತಿಂಗಳ ಲೆಕ್ಕದಲ್ಲಿ ನಿಲ್ಲಿಸಬೇಕು ಅಂತ 2017ರ ನಿಯಮದಲ್ಲಿದೆ. ಬೇಸಿಗೆ ರಜೆಗೆ ಊರಿಗೆ ಹೋಗುವವರಿಗೆ ಒಳ್ಳೇದು.

ಹೊರಡುವಾಗ ಆಫೀಸಿನವರು, ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಫ್ರೀ ಮೇಡಂ ಅಂದರು. ಬೇಡ ಅಂದೆ. ಬಾಡಿಗೆ ಯಾವಾಗ ಏರಿಸುತ್ತಾರೋ ಗೊತ್ತಿಲ್ಲ, ಏರಿಸಿದ ತಿಂಗಳೇ ಇನ್ನೊಂದು ಸಲ ಚೀಟಿ ಹಿಡಿದು ಹೋಗೋಣ ಅಂತ.